ಸೆಂಟ್ರೊಮಿಯರ್ ಹುಡುಕಾಟ..

ಕಳೆದ ವಾರ ಪೂರ್ತಿ ಆಲೂಗಡ್ಡೆ ಜೊತೆ ಕಳೆದೆ. ಪಲ್ಯಕ್ಕಲ್ಲ, ಅದರ ಜೀನೋಮ್ ಜೊತೆ! ಅದರ 12 ಬಗೆಯ ಕ್ರೋಮೋಸೋಮುಗಳಲ್ಲಿ ಸೆಂಟ್ರೊಮಿಯರ್ ಎಲ್ಲೆಲ್ಲಿದೆ ಅಂತ ಗುರುತು ಹಾಕೋದು ನನ್ನ ಪಾಲಿನ ಕೆಲಸ.

ಸೆಂಟ್ರೊಮಿಯರ್ ಅಂದ್ರೆ ಕ್ರೋಮೋಸೋಮಿನ ಸೊಂಟ ಅನ್ನಿ. ಜೀವಕೋಶ ಎರಡಾಗುವಾಗ ಎಳೆಯುವ ದಾರಗಳು ಹಿಡಿಯೋದು ಇಲ್ಲೇ. ಹಿಡಿತ ತಪ್ಪಿದರೆ ಒಂದು ಮರಿಕೋಶಕ್ಕೆ ಒಂದು ಕ್ರೋಮೋಸೋಮ್ ಹೆಚ್ಚು, ಇನ್ನೊಂದಕ್ಕೆ ಕಮ್ಮಿ. ಇಷ್ಟು ಮುಖ್ಯವಾದ ಜಾಗವೇ ಓದೋಕೆ ಮಹಾ ಕಷ್ಟ. ಸಾಸಿವೆ ಕುಟುಂಬದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಜೀನೋಮ್ ಪ್ರಕಟವಾಗಿದ್ದು 2000ದಲ್ಲಿ. ಅದರ ಐದೂ ಸೆಂಟ್ರೊಮಿಯರುಗಳನ್ನು ಬಿಡಿಸಿಟ್ಟ ಪ್ರಬಂಧ ಬಂದಿದ್ದು 2021ರಲ್ಲಿ! ಯಾಕೆ ಗೊತ್ತಾ? ಸುಮಾರು 178 ಅಕ್ಷರಗಳ ಒಂದೇ ಸಾಲು, ಚೂರುಪಾರು ಬದಲಾವಣೆಯೊಂದಿಗೆ, 66 ಸಾವಿರ ಸಲ ಬರುತ್ತೆ. ಎಲ್ಲಿ ಓದ್ತಿದ್ವಿ ಅನ್ನೋದೇ ಮರೆತುಹೋಗಬೇಕು.

ಈ ಪುನರಾವರ್ತನೆಯನ್ನೇ ಜಾಡು ಹಿಡಿಯುವ ಆನ್‌ಲೈನ್ ಸಾಧನಗಳು ಈಗಿವೆ. ಫೈಲ್ ಏರಿಸಿದರೆ, ಸಾಲು ಸಾಲಾಗಿ ಮರುಕಳಿಸುವ ತುಣುಕುಗಳನ್ನು ಹೆಕ್ಕಿ, ಒಂದೊಂದು ಕ್ರೋಮೋಸೋಮಿಗೂ 'ಇಲ್ಲಿರಬಹುದು' ಅಂತ ಪಟ್ಟಿ ಕೊಡುತ್ತವೆ. ನಾನೂ ಏರಿಸಿದೆ. ಪಟ್ಟಿ ಬಂತು. ಪ್ರತಿ ಕ್ರೋಮೋಸೋಮಿಗೂ ಮೊದಲನೇ ಸಾಲನ್ನು ಎತ್ತಿ ಟೇಬಲ್ಲಿಗೆ ಹಾಕಿದೆ. ನಾಲ್ಕನೆಯದು ಮಾತ್ರ ತೀರಾ ತುದಿಯಲ್ಲಿತ್ತು. 'ಇರಲಿ ಬಿಡು' ಅಂದ್ಕೊಂಡೆ. ಸಂಜೆ ಆ ಟೇಬಲ್ ನಮ್ಮ ಪ್ರಬಂಧದ ಜೊತೆ ಹೋಗಬೇಕಿತ್ತು.

ನಮ್ಮ ಮೇಡಂ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಸೆನ್‌ಎಚ್3 ಎಲ್ಲಿ ಕೂತಿದೆ ನೋಡಿದ್ಯೇನೋ?"

ನೋಡಿರಲಿಲ್ಲ.

ಸೆನ್‌ಎಚ್3 ಅನ್ನೋ ಪ್ರೋಟೀನ್ ಕೂತ ಜಾಗವೇ ಸೆಂಟ್ರೊಮಿಯರ್, ಅಲ್ಲಿನ ಅಕ್ಷರಗಳು ಏನೇ ಇರಲಿ. ಹಳೇ ಪ್ರಬಂಧ ತೆಗೆದು ಓದಿದೆ. ಆಲೂಗಡ್ಡೆಯ 4, 6, 10, 11, 12ನೇ ಕ್ರೋಮೋಸೋಮುಗಳ ಸೆಂಟ್ರೊಮಿಯರಿನಲ್ಲಿ ಅಂಥ ಸಾಲುಸಾಲು ಪುನರಾವರ್ತನೆಯೇ ಕಂಡಿಲ್ಲ ಅಂತ 2012ರಲ್ಲೇ ಬರೆದಿದ್ದಾರೆ! ಇಲ್ಲದ್ದನ್ನು ಹುಡುಕು ಅಂದ್ರೆ ಪಾಪ ಸಾಧನ ಏನು ಮಾಡೀತು? ಸಿಕ್ಕಿದ್ದನ್ನು ಕೊಟ್ಟಿತ್ತು. 'ಇರಬಹುದು' ಅಂದಿದ್ದನ್ನು 'ಇದೆ' ಅಂತ ಬರೆದವನು ನಾನು.

ಊರಲ್ಲಿ ಕಟ್ಟೆಗಳು ಹತ್ತಿರುತ್ತವೆ. ಪಂಚಾಯ್ತಿ ಕಟ್ಟೆ ಯಾವುದು ಅಂತ ಕಲ್ಲು ನೋಡಿ ಹೇಳೋಕಾಗಲ್ಲ. ಹಿರಿಯರು ಎಲ್ಲಿ ಕೂರ್ತಾರೆ ಅಂತ ನೋಡಬೇಕು, ಅಲ್ವಾ?

ಪ್ರಬಂಧ ಆವತ್ತು ಹೋಗಲಿಲ್ಲ. ಟೇಬಲ್ಲಿಗೆ ಒಂದು ಕಾಲಂ ಸೇರಿಸಿದ್ದೀನಿ: 'ಯಾರು ಕೂತಿದ್ದಾರೆ?'. ಹನ್ನೆರಡರಲ್ಲಿ ಇನ್ನೂ ಮೂರು ಖಾಲಿ ಇವೆ.. ತುಂಬಿದ ಮೇಲೇ ಕಳಿಸೋದು.