ಹಾಲಕ್ಕಿಯ ಕೂಗು, ನಮ್ಮ ಅಂಜಿಕೆ

ಹಾನಗಲ್ಲ ತಾಲೂಕಿನ ನಮ್ಮ ಹಳ್ಳಿಯ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಹುಣಸೆಮರವಿದೆ. ನಾವು ಚಿಕ್ಕವರಿದ್ದಾಗ ಅದರ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿಗಳು ವಾಸವಾಗಿದ್ದವು. ಹಾಲಕ್ಕಿಯೆಂದರೆ ಗೂಬೆಯ ಕುಲಕ್ಕೆ ಸೇರಿದ ಪುಟ್ಟ ಬೇಟೆಹಕ್ಕಿ, ಗೇಣುದ್ದಕ್ಕಿಂತ ಹೆಚ್ಚಿಲ್ಲ. ಬೂದುಗಂದು ಮೈಮೇಲೆ ಬಿಳಿಯ ಚುಕ್ಕೆಗಳು, ದುಂಡನೆಯ ತಲೆ, ಹಳದಿ ಕಣ್ಣುಗಳು. ಹಗಲಿನಲ್ಲಿ ಯಾರಾದರೂ ಸಮೀಪಿಸಿದರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ದಿಟ್ಟಿಸಿ ನೋಡುವುದು ಅದರ ಸ್ವಭಾವ.

ನಸುಕಿನಲ್ಲಿ ಬುಡಬುಡಕಿಯವರು ಬಂದು, ಹಾಲಕ್ಕಿ ನುಡಿಯಿತೆಂದು ಶಕುನ ಹೇಳುತ್ತಿದ್ದುದನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಿರಿಯರು ಬಲ್ಲರು. ಶುಭ ನುಡಿದರೆಂದು ಮೊರದಲ್ಲಿ ಜೋಳ ನೀಡುತ್ತಿದ್ದ ನಾವೇ, ಅದೇ ಹಕ್ಕಿ ಮನೆಯ ಮೇಲೆ ಕೂಗಿದರೆ ಕೇಡೆಂದು ಅಂಜುತ್ತಿದ್ದೆವು.

ಒಂದು ವರ್ಷ ಶಿವರಾತ್ರಿಯ ಸಮೀಪದಲ್ಲಿ ನಮ್ಮ ಅಜ್ಜನವರು ಹಾಸಿಗೆ ಹಿಡಿದರು. ಮನೆಮಂದಿಯೆಲ್ಲ ಸರದಿಯಿಂದ ಎಚ್ಚರವಿರುತ್ತಿದ್ದೆವು. ರಾತ್ರಿಯಾಯಿತೆಂದರೆ ಹಿತ್ತಲಿನಲ್ಲಿ ಹಾಲಕ್ಕಿಗಳು ಒಂದರ ದನಿಗೆ ಇನ್ನೊಂದು ದನಿಗೂಡಿಸಿ ಕರ್ಕಶವಾಗಿ ಕೂಗುತ್ತಿದ್ದವು. ಕೆಲವೇ ದಿನಗಳಲ್ಲಿ ಅಜ್ಜನವರು ಲಿಂಗೈಕ್ಯರಾದರು. ಕ್ರಿಯಾವಿಧಿಗಳು ಮುಗಿದ ಮರುದಿನವೇ ಪೊಟರೆಯ ಬಾಯಿಗೆ ಕಲ್ಲು ತುಂಬಿ ಕೆಸರು ಮೆತ್ತಲಾಯಿತು. ಕಲ್ಲುಗಳನ್ನು ಎತ್ತಿ ಕೊಟ್ಟವರು ಮಕ್ಕಳಾದ ನಾವು. ಒಳಗಿನಿಂದ ಸಣ್ಣ ದನಿಯೊಂದು ಕೇಳಿಸಿತ್ತು. ಅದನ್ನು ನಾವು ಯಾರಿಗೂ ಹೇಳಲಿಲ್ಲ.

ಮುಂದೆ ಪಕ್ಷಿಗಳ ಕುರಿತು ಓದಿದಾಗ ತಿಳಿದುಬಂದುದಿಷ್ಟು: ನವೆಂಬರದಿಂದ ಏಪ್ರಿಲ್‌ವರೆಗೆ ಹಾಲಕ್ಕಿಗಳು ಮರಿ ಮಾಡುವ ಕಾಲ. ಸಾಮಾನ್ಯವಾಗಿ 3ರಿಂದ 5 ಮೊಟ್ಟೆಗಳು. ಮರಿಗಳಿಗೆ ಮೊದಲು ಜೀರುಂಡೆ, ಪತಂಗ, ಜಿರಲೆಗಳು. ಬೆಳೆದಂತೆ ಇಲಿಗಳೂ ಆಹಾರ. ಅಜ್ಜನವರ ಕಾಯಿಲೆಯ ತಿಂಗಳು ಆ ಹಕ್ಕಿಗಳ ಬಾಣಂತನದ ತಿಂಗಳಾಗಿತ್ತು. ಅವು ಪ್ರತಿವರ್ಷವೂ ಕೂಗುತ್ತಿದ್ದವು. ರೋಗಿಯ ಬಳಿ ಎಚ್ಚರ ಕುಳಿತು ನಾವು ಕೇಳಿಸಿಕೊಂಡದ್ದು ಆ ವರ್ಷ ಮಾತ್ರ.

ಮಳೆಗೆ ಕೆಸರು ಕರಗಿ, ಕಲ್ಲುಗಳು ಉದುರಿ, ಎಷ್ಟೋ ವರ್ಷಗಳ ತರುವಾಯ ಇನ್ನೊಂದು ಜೋಡಿ ಬಂದು ಅದೇ ಪೊಟರೆಯಲ್ಲಿ ನೆಲೆಸಿತು. ಒಂದು ಮುಂಜಾನೆ ಮರದ ಬುಡದಲ್ಲಿ ಬೂದುಬಣ್ಣದ ಸಣ್ಣ ಉಂಡೆಗಳು ಬಿದ್ದಿದ್ದವು. ಅರಗದ ಕೂದಲು, ಮೂಳೆಗಳನ್ನು ಹಕ್ಕಿ ಹೀಗೆ ಉಗುಳುತ್ತದೆ. ಬಿಡಿಸಿ ನೋಡಿದರೆ ಒಳಗೆ ಇಲಿಯ ಪುಟ್ಟ ದವಡೆ, ಹಲ್ಲುಗಳು. ಅಂಗೈಯಲ್ಲಿಟ್ಟು ವಯಸ್ಸಾದ ನಮ್ಮ ಅವ್ವನವರಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ನಮ್ಮ ಕಾಳು ಕಾಯೂ ಹಕ್ಕಿಗೆ ನಾವ ಕಲ್ಲು ಇಟ್ಟಿವಲ್ಲೋ ತಮ್ಮಾ” ಎಂದರು.

ಹಾಲಕ್ಕಿ ತಾನಾಗಿ ಪೊಟರೆ ಕೊರೆಯಲಾರದು. ಹಳೆಯ ಮರಗಳ ಟೊಳ್ಳುಗಳೇ ಅದಕ್ಕೆ ಮನೆ. ಅದಕ್ಕೂ ಗಿಳಿ, ಗೊರವಂಕಗಳೊಡನೆ ಪೈಪೋಟಿ. ಭತ್ತ, ಗೋವಿನಜೋಳದ ಹೊಲಗಳಲ್ಲಿ ಇಲಿಗೆ ವಿಷವಿಟ್ಟರೆ, ಆ ಇಲಿಯನ್ನು ತಿಂದ ಹಕ್ಕಿಗೂ ಆಪತ್ತು. ಸವಣೂರಿನ ದೊಡ್ಡಹುಣಸೆ ಮಠದ ಬೃಹತ್ ಮರಗಳಲ್ಲೊಂದು 2023ರಲ್ಲಿ ಉರುಳಿದಾಗ ಅದನ್ನು ಮರಳಿ ನೆಟ್ಟು ನಿಲ್ಲಿಸಿದ ಸೀಮೆ ನಮ್ಮದು. ಮನೆಯ ಹಿತ್ತಲಿನ ಮರಕ್ಕೂ ಅದರಲ್ಲಿ ಒಂದಿಷ್ಟು ಪಾಲು ಸಲ್ಲಬೇಡವೇ?

ಬಸವಾದಿ ಶರಣರು 12ನೆಯ ಶತಮಾನದಲ್ಲಿಯೇ ಶಕುನ, ತಿಥಿ, ವಾರಗಳ ಅಂಜಿಕೆಯನ್ನು ಅಲ್ಲಗಳೆದರು. ಅವರ ಹೆಸರನ್ನು ನಿತ್ಯ ನೆನೆಯುವ ನಮ್ಮ ಮನೆಯಲ್ಲಿಯೇ ಆ ಅಂಜಿಕೆ ಒಂದು ಗೂಡಿನ ಬಾಗಿಲು ಮುಚ್ಚಿತು.

ಈಚೆಗೆ ಹಿತ್ತಲಿನ ಗೋಡೆ ಕಟ್ಟಿಸುವಾಗ ಹುಣಸೆಮರ ಅಡ್ಡ ಬರುತ್ತದೆಂದು ಗೌಂಡಿಗಳು ಹೇಳಿದರು. ಮರವನ್ನು ಕಡಿಯಗೊಡದೆ ಗೋಡೆಯನ್ನೇ ಎರಡು ಮೊಳ ಸರಿಸಿ ಕಟ್ಟಿಸಿದೆವು. ರಾತ್ರಿ ಹಾಲಕ್ಕಿ ಕೂಗಿದಾಗ ಈಗ ಮೊಮ್ಮಕ್ಕಳು ಅಂಜುವುದಿಲ್ಲ. ಮರಿಗಳಿಗೆ ಊಟ ಬಂದಿತೆಂದು ಹೇಳಿ ಮಗ್ಗುಲು ಬದಲಿಸಿ ಮಲಗುತ್ತಾರೆ.