ಕಾರವಾರದಿಂದ ಮಂಗಳೂರಿಗೆ ನೆಟ್ಟಗೆ

ಕಾರವಾರದಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಹುಡುಕಿದರೆ ಥಟ್ಟನೆ ಉತ್ತರ ಬರುತ್ತದೆ: ಸುಮಾರು 230 ಕಿಲೋಮೀಟರು, ಅರ್ಧ ತಾಸು ಚಿಲ್ಲರೆ. ಕಾರವಾರದಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವೇ ಇಲ್ಲ ಎಂಬುದು ಆ ಲೆಕ್ಕಕ್ಕೆ ಬೇಕಿಲ್ಲ. ಎರಡೂ ಊರಿನ ಅಕ್ಷಾಂಶ ರೇಖಾಂಶ ಹಿಡಿದು, ದುಂಡು ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆದು, ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಒಂದಿಷ್ಟು ನಿಮಿಷ ಕೂಡಿಸಿದರೆ ಆಯಿತು. ನಿಜವಾಗಿ ವಿಮಾನ ಹತ್ತಬೇಕಾದ ಕಾರವಾರದವರು ಮೊದಲು ಕಾಳಿ ನದಿ ದಾಟಿ, ಮಂಗಳೂರಿಗೆ ಬೆನ್ನು ಹಾಕಿ, ಗೋವಾದ ದಾರಿ ಹಿಡಿಯುತ್ತಾರೆ.

ರಸ್ತೆಯಲ್ಲಿ ಇದೇ ದೂರ ಸುಮಾರು 270 ಕಿಲೋಮೀಟರು. ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಸುತ್ತಲಿನ ಹೊಳೆಗಳು, ಸೀತಾ, ಸ್ವರ್ಣಾ, ಶಾಂಭವಿ, ಕೂಳೂರಿನ ಫಲ್ಗುಣಿ ಎಲ್ಲವನ್ನೂ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿ ಹೊಳೆಯಲ್ಲೂ ತಾರಿಗಾಗಿ ಕಾಯಬೇಕಿತ್ತು. ಅಘನಾಶಿನಿ ಹೊಳೆಯ ದಡದ ತದಡಿಯಲ್ಲಿ ಆ ಬದುಕು ಇನ್ನೂ ಉಳಿದಿದೆ. ಬೈಕನ್ನು ನಾಲ್ಕು ಕೈ ಸೇರಿಸಿ ದೋಣಿಗೆ ಎತ್ತುತ್ತಾರೆ, ಮೀನಿನ ಬುಟ್ಟಿಯವರು ಅಂಚಿಗೆ ಸರಿದು ಜಾಗ ಕೊಡುತ್ತಾರೆ, ಕೆಲವೇ ನಿಮಿಷಕ್ಕೆ ಆಚೆ ದಡದ ಅಘನಾಶಿನಿ ಊರು. ತಾರಿ ನಿಂತ ದಿನ ಅದೇ ಊರಿಗೆ ಮಿರ್ಜಾನಿನ ಮೇಲೆ ಸುತ್ತು ಹಾಕಬೇಕು. ಗಂಗೊಳ್ಳಿಯೂ ಕುಂದಾಪುರವೂ ಹಾಗೆಯೇ: ಒಂದರ ದೀಪ ಇನ್ನೊಂದಕ್ಕೆ ಕಾಣುತ್ತದೆ, ಬಸ್ಸು ಮಾತ್ರ ತ್ರಾಸಿ, ಹೆಮ್ಮಾಡಿ ಸುತ್ತಿ ಬರುತ್ತದೆ.

ಆ ನೆಟ್ಟಗಿನ ಗೆರೆಯನ್ನು ನಕಾಶೆಯ ಮೇಲೆ ಎಳೆದು ನೋಡಿ. ನಮ್ಮ ಕರಾವಳಿ ಒಳಕ್ಕೆ ಬಾಗಿರುವುದರಿಂದ ಗೆರೆಯ ಬಹುಪಾಲು ನೀರಿನ ಮೇಲೇ ಹೋಗುತ್ತದೆ. ಹೊನ್ನಾವರ, ಭಟ್ಕಳ, ಕುಂದಾಪುರಗಳನ್ನು ಹತ್ತು ಹನ್ನೆರಡು ಕಿಲೋಮೀಟರು ಪೂರ್ವಕ್ಕೆ ಬಿಟ್ಟು, ಮುರ್ಡೇಶ್ವರಕ್ಕೂ ನೇತ್ರಾಣಿ ದ್ವೀಪಕ್ಕೂ ನಡುವೆ ಹಾದು, ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳ ಮಗ್ಗುಲಲ್ಲಿ ಸಾಗುತ್ತದೆ. ಈ ದಾರಿಯನ್ನು ಕಂಡುಕೊಳ್ಳಲು ವಿಮಾನ ಬೇಕಾಗಿರಲಿಲ್ಲ. ಮಚವೆ, ಪತ್ತೆಮಾರಿಗಳು ಹಾಯಿ ಬಿಚ್ಚಿ ಓಡಾಡಿದ್ದು ಇದೇ ನೀರಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಎತ್ತಿನ ಗಾಡಿಯಲ್ಲಿ ಹೊಳೆ ಹೊಳೆಗೆ ಇಳಿಸಿ ಏರಿಸಿದರೆ ಒಡೆದುಹೋಗುವಂಥ ಆ ಸರಕು ಸಮುದ್ರದ ಮೇಲೆ ದೂರದ ಊರುಗಳಿಗೆ ಹೋಯಿತು. ನಮ್ಮ ಹಳೆಯ ಮನೆಗಳ ಮಾಡಿಗೆ ಕೆಂಪು ಬಂದದ್ದು ಹೀಗೆ. ಮಳೆಗಾಲದಲ್ಲಿ ಹಾಯಿಗಳೆಲ್ಲ ದಡ ಸೇರುತ್ತಿದ್ದವು ಎಂಬುದೂ ನಿಜ.

ಹೆದ್ದಾರಿಯೊಂದನ್ನೇ ನಂಬಿಕೊಂಡರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಕಂಡೆವು. ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಯ ಮೇಲೆ, ಗಂಗಾವಳಿಯ ಒಳಗೆ ಬಿತ್ತು. ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮುಂದಿನ ತಿಂಗಳು ಕಾಳಿಯ ಹಳೆಯ ಸೇತುವೆಯೂ ನಡುರಾತ್ರಿ ಕುಸಿಯಿತು; ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಉಳಿಸುವಲ್ಲಿ ಕೈಜೋಡಿಸಿದವರು ಮೀನುಗಾರರು.

ವಿಮಾನ ಬಂದರೆ ಬರಲಿ, ರೋಗಿಗಳಿಗೆ ಆ ಅರ್ಧ ತಾಸು ದೊಡ್ಡದು. ಆದರೆ ಬೇಲೇಕೇರಿ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ ಎಂದು ಬಂದರುಗಳು ಸಾಲಾಗಿ ಇರುವ ಈ ದಂಡೆಗೆ, ಮಳೆ ನಿಂತ ತಿಂಗಳುಗಳಲ್ಲಾದರೂ ಊರಿಂದ ಊರಿಗೆ ಜನರನ್ನು ಒಯ್ಯುವ ಲಾಂಚು ಮೊದಲು ಬೇಕು ಎಂದು ನನಗೆ ಅನ್ನಿಸುತ್ತದೆ.