ಒಳಕ್ಕೆ ಎಳೆಯೋ ಗಾಳಿ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದಾಗ ಪಕ್ಕದ ಸ್ಕೂಟರಿನವರು ಹೆಲ್ಮೆಟ್ ಗಾಜು ಮೇಲೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು. ಇವನ್ಯಾರೋ ರೆಡ್ ಸಿಗ್ನಲ್ ಇದ್ದರೂ ಆಕ್ಸಿಲರೇಟರ್ ತುಳೀತಾ ಕೂತಿದ್ದಾನೆ ಅಂದುಕೊಂಡಿರಬೇಕು. ನಿಜ ಹೇಳಬೇಕಂದ್ರೆ ನನ್ನ ಕಾಲು ಅದರ ಮೇಲೆ ಇರಲೇ ಇಲ್ಲ. ಆದರೂ ಮೀಟರಿನ ಮುಳ್ಳು 1500ರ ಹತ್ತಿರ ಅಂಟಿಕೊಂಡು ನಿಂತಿತ್ತು.

ಇಂಜಿನ್ ಬಿಸಿಯಾದ ಮೇಲೆ, ನಿಂತ ಪೆಟ್ರೋಲ್ ಕಾರು ಸುಮಾರು 750ರಿಂದ 900 ಆರ್‌ಪಿಎಂ ಒಳಗೆ ಮೆಲ್ಲಗೆ ಗುನುಗುತ್ತಿರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಜಾಸ್ತಿ ಇರೋದು ಸಹಜ. ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಮಾತ್ರ ದಿನವಿಡೀ ಬೆಳಗ್ಗೆಯೇ. ಗ್ಯಾರೇಜಿನವರು ಮೊದಲು ಥ್ರಾಟಲ್ ಬಾಡಿಯ ಮಸಿ ತೊಳೆದರು. ಆಮೇಲೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಬದಲಾಯಿಸಿದರು. ಆಮೇಲೆ ಐಡಲ್ ವಾಲ್ವ್. ಮೂರು ತಿಂಗಳು, ಹನ್ನೊಂದು ಸಾವಿರ ರೂಪಾಯಿ. ಮುಳ್ಳು ಇದ್ದಲ್ಲೇ ಇತ್ತು.

ಡಿಬಗ್ ಮಾಡೋದು ನನ್ನ ಹೊಟ್ಟೆಪಾಡು. ಹಾಗಾಗಿ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತರಿಸಿ, ಮೊಬೈಲಿನಲ್ಲಿ ಲಾಗ್ ನೋಡೋಕೆ ಕೂತೆ. ಕೂಲಂಟ್ 88 ಡಿಗ್ರಿ, ಸರಿ ಇದೆ. ಥ್ರಾಟಲ್ ಪೂರ್ತಿ ಮುಚ್ಚಿದೆ, ಸರಿ. ಐಡಲ್ ವಾಲ್ವನ್ನೂ ಇಸಿಯು ತನ್ನ ಕೈಲಾದಷ್ಟು ಮುಚ್ಚಿದೆ. ಎರರ್ ಕೋಡ್ ಒಂದೂ ಇಲ್ಲ. ಇಸಿಯುವೇ ಕೆಟ್ಟಿರಬೇಕು ಅಂತ ತೀರ್ಮಾನಿಸಿ, ಅದರ ರೇಟು ಹುಡುಕೋಕೆ ಶುರು ಮಾಡಿದೆ.

ಆಗಲೇ ಊರಿಂದ ಅಪ್ಪನ ಫೋನು. 2022ರ ಸೆಪ್ಟೆಂಬರ್. "ಮಾರಿಕಣಿವೆ ಕೋಡಿ ಬಿದ್ದೈತಂತೆ ಕಣೋ. ನೀನು ಬಂದಿದ್ರೆ ಒಂದ್ಸಲ ನೋಡ್ಕಂಡ್ ಬರಬೋದಿತ್ತು."

ನಮ್ಮೂರು ಐಮಂಗಲ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಹೈವೇಯಲ್ಲೇ ಸಿಗುತ್ತೆ. ಪೊಲೀಸ್ ತರಬೇತಿ ಶಾಲೆ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ನಮ್ಮ ತಾಲ್ಲೂಕಿನವರಿಗೆ ಮಾರಿಕಣಿವೆ ಅಂದ್ರೆ ವಾಣಿವಿಲಾಸ ಸಾಗರ. ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಅದಾದ ಮೇಲೆ ಇದೇ ಮೊದಲು, 89 ವರ್ಷದ ನಂತರ. ಅಪ್ಪ ಅದನ್ನ ತಾತನ ಬಾಯಲ್ಲಿ ಕೇಳಿದ್ದನೇ ಹೊರತು ಕಂಡವನಲ್ಲ. ಏನನ್ನೂ ಕೇಳದ ಮನುಷ್ಯ ಬಾಯಿಬಿಟ್ಟು ಕೇಳಿದ್ದ. ಶುಕ್ರವಾರ ರಾತ್ರಿ, 1500 ಆರ್‌ಪಿಎಂನಲ್ಲಿ ಕೂಗೋ ಕಾರಿನಲ್ಲೇ ಹೊರಟೆ.

ಊರೊಳಗೆ ಹಂಪ್ ಬಂದಾಗ ಬ್ರೇಕು ಯಾಕೋ ಗಟ್ಟಿ ಅನ್ನಿಸಿತು. "ಬ್ರೇಕ್ ಜೋರಾಗಿ ತುಳೀಬೇಕು ಕಣ್ರೀ" ಅಂತ ನನ್ನ ಹೆಂಡತಿ ತಿಂಗಳ ಹಿಂದೆಯೇ ಹೇಳಿದ್ದಳು. ಪ್ಯಾಡ್ ಸವೆದಿರಬೇಕು ಅಂದು ಸುಮ್ಮನಾಗಿದ್ದೆ.

ಬೆಳಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸ್ತಿದ್ದೆ. ಅಪ್ಪ ಬಂದು ನಿಂತ.

"ಯಾಕೋ ಹಂಗೆ ಕೂಗ್ತೈತೆ?"

ಸೆನ್ಸರ್, ವಾಲ್ವ್, ಇಸಿಯು ಅಂತ ನನ್ನ ಪುರಾಣ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಿಡಪ್ಪ, ನೀನು ಇಂಜಿನಿಯರು, ನಿಂಗೆ ಗೊತ್ತಿರ್ತೈತೆ" ಅಂತ ಹೊರಟ. ನನಗೆ ಬಿಇ ಸೀಟು ಸಿಕ್ಕ ದಿನದಿಂದ ಅಪ್ಪನ ಮಾತು ಮುಗಿಯೋದು ಇಲ್ಲಿಗೇ. ಅದಕ್ಕೂ ಮುಂಚೆ ಗುದ್ದಲಿ ಹಿಡಿಯೋದರಿಂದ ಸ್ಪಾರ್ಕ್ ಪ್ಲಗ್ ಉಜ್ಜೋವರೆಗೆ ಎಲ್ಲಾ ಹೇಳಿಕೊಟ್ಟವನು ಅವನೇ.

"ಗೊತ್ತಿಲ್ಲ ಕಣಪ್ಪ. ನಿಂಗೇನನ್ನಿಸ್ತೈತೆ ಹೇಳು" ಅಂದೆ.

ತಿರುಗಿ ಬಂದ. ಬಲಕ್ಕೆ ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿದ. "ಎಲ್ಲೋ ಗಾಳಿ ಎಳೀತೈತೆ."

ನಮ್ಮ ಹಳೇ ಬಾವಿಯ ಡೀಸೆಲ್ ಇಂಜಿನ್ನು ನೆನಪಾಯ್ತು. ಇಂಜಿನ್ ಓಡ್ತಿರೋದು, ನೀರು ಮಾತ್ರ ಬರ್ತಿರಲಿಲ್ಲ. ಸಕ್ಷನ್ ಪೈಪಿಗೆ ಬಿಂದಿಗೆಗಟ್ಟಲೆ ನೀರು, ಸಗಣಿ ನೀರು ಹುಯ್ದು ಹುಯ್ದು ನನ್ನ ಕೈ ಸೋತಿರೋದು. ಆಗ ಅಪ್ಪ ಹೇಳ್ತಿದ್ದ: "ಹೊರಕ್ಕೆ ಸೋರಿದ್ರೆ ಕಣ್ಣಿಗೆ ಕಾಣ್ತೈತೆ. ಒಳಕ್ಕೆ ಎಳೆಯೋದು ಕಾಣಲ್ಲ, ಹುಡುಕ್ಬೇಕು." ಆಮೇಲೆ ಜಾಯಿಂಟಿಗೆ ಸೈಕಲ್ ಟ್ಯೂಬ್ ಬಿಗಿದು ಸುತ್ತುತ್ತಿದ್ದ.

ಪೆಟ್ರೋಲ್ ಇಂಜಿನ್ನೂ ಒಂದು ಪಂಪೇ. ಥ್ರಾಟಲ್ ಮುಚ್ಚಿದಾಗ ಪಿಸ್ಟನ್‌ಗಳು ಗಾಳಿಗಾಗಿ ಎಳೀತಾನೇ ಇರ್ತವೆ, ಹಾಗಾಗಿ ಮ್ಯಾನಿಫೋಲ್ಡ್ ಒಳಗೆ ನಿರ್ವಾತ ಉಂಟಾಗುತ್ತೆ. ಥ್ರಾಟಲ್ ದಾಟಿದ ಮೇಲೆ ಎಲ್ಲೇ ಸಣ್ಣ ಸೀಳು ಇದ್ದರೂ ಅಲ್ಲಿಂದ ಗಾಳಿ ನುಗ್ಗುತ್ತೆ. ನನ್ನ ಕಾರಿನಂಥ ಎಷ್ಟೋ ಸಣ್ಣ ಕಾರುಗಳಲ್ಲಿ ಗಾಳಿಯ ಲೆಕ್ಕ ಹಾಕೋದು ಮ್ಯಾನಿಫೋಲ್ಡ್ ಒತ್ತಡ ನೋಡಿ. ಗಾಳಿ ಕದ್ದು ಬಂದರೂ ಒತ್ತಡ ಏರುತ್ತೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನ ಇಸಿಯು ನಿಯತ್ತಾಗಿ ಸುರಿಯುತ್ತೆ, ಆರ್‌ಪಿಎಂ ಏರುತ್ತೆ. ಅದು ಎಲ್ಲಾ ಬಾಗಿಲು ಮುಚ್ಚಿ "ನನ್ನ ಕೈಲಿ ಇಷ್ಟೇ ಆಗೋದು" ಅಂತ ಮೊಬೈಲಿನಲ್ಲಿ ಎರಡು ವಾರದಿಂದ ಹೇಳ್ತಾನೇ ಇತ್ತು. ಅದನ್ನೇ ಕೆಟ್ಟಿದೆ ಅಂತ ಬದಲಾಯಿಸೋಕೆ ಹೊರಟಿದ್ದೆ ನಾನು.

ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಫ್ಯಾನು ಬೆಲ್ಟಿನಿಂದ ಕೈ ದೂರ ಇಟ್ಟುಕೊಂಡು, ಮ್ಯಾನಿಫೋಲ್ಡಿಗೆ ಹೋಗೋ ರಬ್ಬರ್ ಪೈಪುಗಳನ್ನ ಒಂದೊಂದಾಗಿ ಮೆಲ್ಲಗೆ ಹಿಸುಕುತ್ತಾ ಹೋದೆ. ಮೊದಲನೇದು, ಏನೂ ಆಗಲಿಲ್ಲ. ಎರಡನೇದೂ ಅಷ್ಟೆ. ಮೂರನೇದು, ಬ್ರೇಕ್ ಬೂಸ್ಟರಿಗೆ ಹೋಗೋ ದಪ್ಪ ಪೈಪು. ಹಿಸುಕಿದ ತಕ್ಷಣ ಇಂಜಿನ್ ಉಸಿರು ಬಿಟ್ಟ ಹಾಗೆ ಕೆಳಗಿಳಿಯಿತು. 850.

ಆಫ್ ಮಾಡಿ ಪೈಪು ತಿರುಗಿಸಿ ನೋಡಿದರೆ ತಳಭಾಗದಲ್ಲಿ ಉದ್ದಕ್ಕೆ ಸೀಳಿತ್ತು. ನಾವು ಬ್ರೇಕ್ ತುಳಿದಾಗ ನಮ್ಮ ಕಾಲಿಗೆ ಬಲ ಸೇರಿಸೋದು ಇದೇ ನಿರ್ವಾತ. ಅದು ಸೋರಿದರೆ ಪೆಡಲ್ ಗಟ್ಟಿ. ನನ್ನ ಹೆಂಡತಿ ಹೇಳಿದ್ದೂ, ಮೀಟರಿನ ಮುಳ್ಳು ಹೇಳಿದ್ದೂ ಒಂದೇ ಮಾತು. ನಾನು ಎರಡು ಬೇರೆ ಬೇರೆ ಟಿಕೆಟ್ ಮಾಡಿ, ಒಂದನ್ನ ಹಾಗೇ ಕ್ಲೋಸ್ ಮಾಡಿದ್ದೆ. ಆ ಬ್ರೇಕಿನಲ್ಲಿ ಹಿಂದಿನ ರಾತ್ರಿ ಲಾರಿಗಳ ಮಧ್ಯೆ ಬಂದಿದ್ದು ನೆನೆಸಿಕೊಂಡರೆ ಈಗಲೂ ಕೈ ಬೆವರುತ್ತೆ.

ಅಪ್ಪ ಆಗಲೇ ಅಟ್ಟದಿಂದ ಸೈಕಲ್ ಟ್ಯೂಬ್ ಇಳಿಸಿದ್ದ. "ಬ್ರೇಕಿನ ಪೈಪಿಗೆ ಬೇಡಪ್ಪ" ಅಂದೆ. "ಅದೂ ಸರಿ" ಅಂದ. ಪಕ್ಕದ ಮನೆಯವರ ಬೈಕಿನಲ್ಲಿ ದುರ್ಗಕ್ಕೆ ಹೋಗಿ ಅದೇ ಮಾಡೆಲ್ಲಿನ ಪೈಪು ತಂದೆ. ಮಾಮೂಲಿ ರಬ್ಬರ್ ಪೈಪು ಹಾಕೋ ಹಾಗಿಲ್ಲ. ಎಳೆತಕ್ಕೆ ಒಳಗೇ ಕುಸಿದುಬಿಡುತ್ತೆ. ಹಾಕಿದ ಮೇಲೆ ಇಂಜಿನ್ ಆಫ್ ಇಟ್ಟು ಪೆಡಲನ್ನ ನಾಲ್ಕೈದು ಸಲ ತುಳಿದು, ತುಳಿದೇ ಹಿಡಿದುಕೊಂಡು ಸ್ಟಾರ್ಟ್ ಮಾಡಿದೆ. ಪೆಡಲ್ ತಾನಾಗೇ ಸ್ವಲ್ಪ ಕೆಳಗಿಳಿಯಿತು. ಬೂಸ್ಟರ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದೇ ಗುರುತು.

ಭಾನುವಾರ ಬೆಳಗ್ಗೆ ಮಾರಿಕಣಿವೆಗೆ ಹೊರಟೆವು. ಊರು ದಾಟಿದ ಹಾಗೆ ಅಪ್ಪ ಮಾತಿಗೆ ಶುರು ಹಚ್ಚಿದವನು ನಿಲ್ಲಿಸಲೇ ಇಲ್ಲ. ಫೋನಿನಲ್ಲಿ ಏನು ಹೇಳಿದರೂ ಬರೀ "ಹೂಂ" ಅನ್ನೋ ಮನುಷ್ಯ. ಅದನ್ನೇ ಹೇಳಿದೆ.

"ಎಡಗಿವಿ ಕೇಳ್ಸಲ್ಲ ಕಣೋ, ಒಂದು ವರ್ಷ ಆಯ್ತು. ಫೋನು ಯಾವಾಗ್ಲೂ ಆ ಕಡೇನೇ ಹಿಡ್ಕಂಡು ರೂಢಿ. ಇಲ್ಲಿ ನೀನು ಬಲಕ್ಕೆ ಕೂತಿದೀಯಲ್ಲ, ಚೆನ್ನಾಗಿ ಕೇಳ್ತೈತೆ."

ಅಪ್ಪನಿಗೆ ನನ್ನ ಮೇಲೆ ಬೇಜಾರು ಅಂದುಕೊಂಡು ಒಂದು ವರ್ಷ ದುಡ್ಡು ಜಾಸ್ತಿ ಕಳಿಸಿದ್ದೆ, ಹೊಸ ಮೊಬೈಲ್ ಕೊಡಿಸಿದ್ದೆ, ಫೋನು ಮಾಡೋ ಟೈಮು ಬದಲಾಯಿಸಿದ್ದೆ.

"ನಂಗೊಂದು ಮಾತು ಹೇಳ್ಬಾರ್ದಿತ್ತೇನಪ್ಪಾ?"

"ನೀನು ಕೇಳ್ಲಿಲ್ವಲ್ಲ" ಅಂದ.

ಕೋಡಿಯ ಹತ್ತಿರ ಜನವೋ ಜನ. ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತೆವು. "ಆಫ್ ಆಯ್ತೇನೋ?" ಅಂತ ಅಪ್ಪ ಕೇಳಿದ.

"ಇಲ್ಲಪ್ಪ, ಓಡ್ತೈತೆ" ಅಂದೆ. ಮುಳ್ಳು 800ರಲ್ಲಿತ್ತು.